ಅವಯವವೂ ಸಮಗ್ರವೂ: ಚಲಚ್ಚಿತ್ರದ ಗುಣನಿರ್ಣಯವನ್ನು ಕುರಿತ ವಿಚಾರ

೧

ಚಲಚ್ಚಿತ್ರವನ್ನು ಕುರಿತು ಜನರು ಆಡುವ ಮಾತುಗಳಲ್ಲಿ ಎರಡು ಬಗೆಯುಂಟು. ನಟನೆ ಸೊಗಸಾಗಿದೆ, ಹಾಡುಗಳು ಇಂಪಾಗಿವೆ, ಛಾಯಾಗ್ರಹಣ ಮನೋಹರವಾಗಿದೆ, ಸಂಭಾಷಣೆ ಚುರುಕಾಗಿದೆ ಎಂದು ಒಂದೊಂದು ಅಂಗವನ್ನು ಬೇರ್ಪಡಿಸಿ ಹೇಳುವುದು ಒಂದು ಬಗೆ. ಚಿತ್ರ ಚೆನ್ನಾಗಿದೆ, ಇಲ್ಲವೆ ಚೆನ್ನಾಗಿಲ್ಲ, ಎಂದು ಒಟ್ಟನ್ನು ಹಿಡಿದು ಹೇಳುವುದು ಇನ್ನೊಂದು ಬಗೆ. ಮೊದಲನೆಯ ಬಗೆಯ ಮಾತಿಗೆ ಕಾರಣ ಕೊಡುವುದು ಸುಲಭ. ಎರಡನೆಯ ಬಗೆಯ ಮಾತಿಗೆ ಕಾರಣ ಕೇಳಿದರೆ, ಹೇಳಿದವನು ಬಹುಮಟ್ಟಿಗೆ ಮತ್ತೆ ಅಂಗಗಳ ಪಟ್ಟಿಗೇ ಹಿಂದಿರುಗುತ್ತಾನೆ. ಆದರೆ ಪಟ್ಟಿಯಲ್ಲಿರುವುದನ್ನೆಲ್ಲ ಹೊಗಳಿ ಮುಗಿಸಿದ ಮೇಲೆಯೂ 'ಆದರೂ ಚಿತ್ರ ಮನಸ್ಸಿನಲ್ಲಿ ನಿಲ್ಲಲಿಲ್ಲ' ಎನ್ನಬೇಕಾಗಿ ಬರುವುದುಂಟು. ಹಾಗೆಯೇ ಅಂಗಾಂಗಗಳಲ್ಲಿ ಹತ್ತಾರು ಕುಂದುಗಳನ್ನು ಎತ್ತಿ ತೋರಿಸಿದವನೇ 'ಆದರೂ ಅದು ದೊಡ್ಡ ಚಿತ್ರ' ಎಂದು ಒಪ್ಪಿಕೊಳ್ಳುವುದೂ ಉಂಟು. ಈ 'ಆದರೂ' ಎಂಬ ಮಾತಿನ ಅರ್ಥವೇನೆಂಬುದು ಇಲ್ಲಿಯ ವಿಚಾರ.

ಇದು ಕೇವಲ ವಿನೋದದ ಪ್ರಶ್ನೆಯಲ್ಲ. ಚಲಚ್ಚಿತ್ರವು ಈಗ ವಿದ್ಯಾಲಯಗಳಲ್ಲಿ ಪಾಠದ ವಿಷಯವಾಗಿದೆ. ಕಾವ್ಯಪಾಠದಲ್ಲಿ ಹಿಂದಿನಿಂದ ಬಂದ ಒಂದು ದೋಷ ಅಲ್ಲಿಗೂ ಬಂದು ಸೇರುವ ಭಯವಿದೆ. ಪದ್ಯದಲ್ಲಿ ಉಪಮೆಗಳೆಷ್ಟು, ಉತ್ಪ್ರೇಕ್ಷೆಗಳೆಷ್ಟು ಎಂದು ಎಣಿಸಿ ಕವಿಯನ್ನು ಅಳೆಯುವ ವಿದ್ಯಾರ್ಥಿಯು, ನಿರ್ದೇಶನಕ್ಕೆ ಇಷ್ಟು, ಸಂಗೀತಕ್ಕೆ ಇಷ್ಟು, ಸಂಕಲನಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚಿ, ಅವುಗಳ ಮೊತ್ತವನ್ನೇ ಚಿತ್ರದ ಯೋಗ್ಯತೆಯೆಂದು ತಿಳಿಯುತ್ತಾನೆ. ಮೊತ್ತವು ಸರಿಯಾಗಿರಬಹುದು, ನಿರ್ಣಯವು ತಪ್ಪಾಗಿರಬಹುದು. ಇದಕ್ಕೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆಗೆ ಸಂಬಂಧಪಟ್ಟ ಎರಡು ಚಿತ್ರಗಳು ಒಳ್ಳೆಯ ನಿದರ್ಶನಗಳಾಗಿವೆ. ಅವುಗಳನ್ನು ಪರೀಕ್ಷಿಸುವುದಕ್ಕೆ ಮೊದಲು ಪ್ರಾಚೀನ ಲಾಕ್ಷಣಿಕರ ಅಭಿಪ್ರಾಯವನ್ನು ನೋಡುವುದು ಯುಕ್ತ.

೨

ಪ್ರಯೋಗವೊಂದರ ಗುಣವನ್ನು ಅಳೆಯುವ ಕ್ರಮವನ್ನು ಭರತಮುನಿಯು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ವಿವರಿಸಿದ್ದಾನೆ. ಅಲ್ಲಿ ಪ್ರಾಶ್ನಿಕರೆಂಬ ನಿರ್ಣಾಯಕರು ಹತ್ತು ಬಗೆ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ಶಬ್ದಶಾಸ್ತ್ರಜ್ಞ, ರಾಜ, ಧನುರ್ವಿದ್ಯೆಯನ್ನು ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಯಜ್ಞದ ಅಭಿನಯವನ್ನು ಯಜ್ಞವಿದನೂ, ಹಾಡನ್ನು ಗಾಯಕನೂ, ಬಿಲ್ಲು ಹಿಡಿಯುವ ಭಂಗಿಯನ್ನು ಧನುರ್ಧರನೂ ಪರೀಕ್ಷಿಸಬೇಕು. ಒಂದೊಂದು ಅಂಗಕ್ಕೆ ಅದನ್ನು ಬಲ್ಲವನೇ ಪ್ರಮಾಣವೆಂಬುದು ಇದರ ತಾತ್ಪರ್ಯ. ಇಂದಿನ ಪ್ರಶಸ್ತಿಸಮಿತಿಗಳ ಕ್ರಮವೂ ಇದಕ್ಕೆ ಬಹಳ ದೂರವಾದುದಲ್ಲ.

ಆದರೆ ಭರತನು ಅಲ್ಲಿಗೆ ನಿಲ್ಲಿಸಲಿಲ್ಲ. ಸಿದ್ಧಿಯನ್ನು ಆತ ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸುತ್ತಾನೆ. ಪ್ರೇಕ್ಷಕರು ನಗುವುದು, 'ಸಾಧು' ಎನ್ನುವುದು, 'ಅಹೋ' ಎಂದು ಉದ್ಗಾರ ತೆಗೆಯುವುದು, ಪುಲಕಿತರಾಗಿ ಎದ್ದು ನಿಲ್ಲುವುದು, ಬಟ್ಟೆಬರೆಗಳನ್ನು ಉಡುಗೊರೆಯಾಗಿ ಎಸೆಯುವುದು, ಇವು ಮಾನುಷಿ ಸಿದ್ಧಿಯ ಗುರುತುಗಳು. ರಂಗವು ತುಂಬಿರುವುದು, ಆದರೂ ಅಲ್ಲಿ ಸದ್ದಿಲ್ಲದಿರುವುದು, ಕ್ಷೋಭೆಯಿಲ್ಲದಿರುವುದು, ಇವು ದೈವಿಕಿ ಸಿದ್ಧಿಯ ಗುರುತುಗಳು. ಈ ವಿಭಾಗದ ಸೂಕ್ಷ್ಮವನ್ನು ಗಮನಿಸಬೇಕು. ಚಪ್ಪಾಳೆಯು ಒಂದು ಕ್ಷಣಕ್ಕೆ, ಒಂದು ಮಾತಿಗೆ, ಒಂದು ಹಾಡಿಗೆ ಸಲ್ಲುತ್ತದೆ. ತುಂಬಿದ ಸಭೆಯ ಮೌನವು ಒಟ್ಟು ಪ್ರಯೋಗಕ್ಕೆ ಸಲ್ಲುತ್ತದೆ. ಅಂಗವನ್ನು ಮೆಚ್ಚುವಾಗ ಪ್ರೇಕ್ಷಕನು ಪ್ರಯೋಗದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಿರುತ್ತಾನೆ. ಸಮಗ್ರವು ಅವನನ್ನು ಹಿಡಿದಾಗ ಹಾಗೆ ಸರಿಯುವುದಕ್ಕೆ ಅವಕಾಶವಿರುವುದಿಲ್ಲ.

ಒಂಬತ್ತನೆಯ ಶತಮಾನದ ಆನಂದವರ್ಧನನು ಇದನ್ನೇ ಕಾವ್ಯಕ್ಕೆ ಅನ್ವಯಿಸಿ ಇನ್ನೂ ಸ್ಪಷ್ಟವಾಗಿ ಹೇಳಿದನು. ಸ್ತ್ರೀಯರ ಲಾವಣ್ಯವು ಅವರ ಅವಯವಗಳಲ್ಲಿ ತೋರಿದರೂ ಯಾವ ಒಂದು ಅವಯವವೂ ಆಗದೆ ಅವುಗಳಿಗೆ ಅತಿರಿಕ್ತವಾಗಿರುವಂತೆ, ಮಹಾಕವಿಗಳ ವಾಣಿಯಲ್ಲಿ ಪ್ರತೀಯಮಾನವಾದ ಅರ್ಥವಿರುತ್ತದೆಂದು ಆತನ ಮತ. ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಆತನು ಇಡಿಯ ಪ್ರಬಂಧವು ರಸವನ್ನು ವ್ಯಂಜಿಸಬೇಕಾದರೆ ಏನೇನು ಅಗತ್ಯವೆಂಬುದನ್ನು ಎಣಿಸಿ ಹೇಳುತ್ತಾನೆ. ಕಥೆಯಲ್ಲಿ ರಸಕ್ಕೆ ಹೊಂದದ ಭಾಗವಿದ್ದರೆ ಬಿಡಬೇಕು. ಸಂಧಿಸಂಧ್ಯಂಗಗಳನ್ನು ಶಾಸ್ತ್ರದ ಮರ್ಯಾದೆಗಾಗಿ ಅಲ್ಲ, ರಸಕ್ಕಾಗಿ ಜೋಡಿಸಬೇಕು. ಪ್ರಧಾನವಾದ ರಸವನ್ನು ಕೊನೆಯವರೆಗೆ ಮರೆಯಬಾರದು. ಶಕ್ತಿಯಿದ್ದರೂ ಅಲಂಕಾರವನ್ನು ಹಿತಮಿತವಾಗಿ ಬಳಸಬೇಕು. ಭಟ್ಟನಾರಾಯಣನ ವೇಣೀಸಂಹಾರ ನಾಟಕದ ಎರಡನೆಯ ಅಂಕದಲ್ಲಿ ಬರುವ 'ವಿಲಾಸ'ವೆಂಬ ಅಂಗವು ಭರತನ ನಿಯಮವನ್ನು ಪಾಲಿಸುವುದಕ್ಕಾಗಿಯೇ ಬಂದಿದೆಯೆಂದು ಆತನು ಆಕ್ಷೇಪಿಸುತ್ತಾನೆ. ಅಂಗವು ಲಕ್ಷಣಕ್ಕೆ ಸರಿಯಾಗಿದೆ. ಆದುದರಿಂದಲೇ ಅದು ಸಮಗ್ರಕ್ಕೆ ತಪ್ಪಾಗಿದೆ. ಅಂಗದ ಗುಣವೂ ಸಮಗ್ರದ ಗುಣವೂ ಬೇರೆ ಬೇರೆಯೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ಬೇಕಿಲ್ಲ.

೩

ಈಗ ಮೊದಲನೆಯ ಚಿತ್ರವನ್ನು ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ಕಾರ್ಯವನ್ನು ಯಶಸ್ವಿಯಾಗಿ ನಡೆಸಿದವನು ಜಿ. ಪಿ. ಸ್ಯಾಂಡರ್ಸನ್. ನೀರಾವರಿಯ ಕೆಲಸದಲ್ಲಿದ್ದ ಈ ಆಂಗ್ಲ ಅಧಿಕಾರಿಯು ೧೮೭೪ರಲ್ಲಿ ಚಾಮರಾಜನಗರದ ಬಳಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಕಡೆ, ತನ್ನ ಮೊದಲ ಖೆಡ್ಡಾವನ್ನು ಸಾಧಿಸಿದನು. ತನ್ನ ಅನುಭವಗಳನ್ನು ೧೮೭೮ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ರಡ್ಯರ್ಡ್ ಕಿಪ್ಲಿಂಗನು ೧೮೯೪ರ 'ಜಂಗಲ್ ಬುಕ್' ಸಂಕಲನದಲ್ಲಿ ಸೇರಿಸಿದ 'ಆನೆಗಳ ತೂಮಾಯಿ' ಎಂಬ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈ ಸ್ಯಾಂಡರ್ಸನನೇ ಮಾದರಿಯೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಿಪ್ಲಿಂಗನು ಕಥೆಯನ್ನು ಗಾರೋ ಬೆಟ್ಟಗಳ ಕಡೆಗೆ ಒಯ್ದಿದ್ದರೂ ಅದರ ಒಂದು ಬೇರು ಚಾಮರಾಜನಗರದ ನೆಲದಲ್ಲಿದೆ.

ಈ ಕಥೆಯನ್ನು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ ಅವರ ಸಂಸ್ಥೆಯು 'ಎಲಿಫೆಂಟ್ ಬಾಯ್' ಎಂಬ ಹೆಸರಿನಿಂದ ಚಿತ್ರವಾಗಿ ಮಾಡಿ ೧೯೩೭ರಲ್ಲಿ ಬಿಡುಗಡೆ ಮಾಡಿತು. ವಾಸ್ತವಚಿತ್ರಗಳಿಂದ ಲೋಕಪ್ರಸಿದ್ಧನಾಗಿದ್ದ ರಾಬರ್ಟ್ ಫ್ಲಾಹರ್ಟಿಯು ೧೯೩೫-೩೬ರಲ್ಲಿ ಮೈಸೂರಿಗೆ ಬಂದು, ಕಬಿನಿಯ ದಡದ ಕಾರಾಪುರದ ಸೀಮೆಯಲ್ಲಿ ಬೀಡುಬಿಟ್ಟು, ಅರಮನೆಯ ಆನೆಗಳನ್ನೂ ಕಾಡಿನ ಹಿಂಡನ್ನೂ ಚಿತ್ರಿಸಿಕೊಂಡನು. ಆ ಕಾಡು ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಕಾಡಿಗೆ ಹೊಂದಿಕೊಂಡದ್ದು. ಬಂಡೀಪುರದಲ್ಲಿ ಅದಕ್ಕೆ ಕೆಲವೇ ವರ್ಷಗಳ ಮುಂಚೆ, ೧೯೩೧ರಲ್ಲಿ, ಮಹಾರಾಜರ ಸರ್ಕಾರವು ವೇಣುಗೋಪಾಲ ವನ್ಯಮೃಗ ಉದ್ಯಾನವನ್ನು ಏರ್ಪಡಿಸಿತ್ತು. ಕಾರಾಪುರದ ಮಾವುತನ ಮಗನಾದ ಸಾಬು ಎಂಬ ಬಾಲಕನು ಚಿತ್ರದ ನಾಯಕನಾದನು. ಫ್ಲಾಹರ್ಟಿಯು ಹಿಂದಿರುಗಿದಾಗ ಕೈಯಲ್ಲಿ ಲಕ್ಷಾಂತರ ಅಡಿಗಳಷ್ಟು ಚಿತ್ರಸುರುಳಿಯಿತ್ತು. ಆದರೆ ಕಥೆಯ ಹೆಣಿಗೆ ಸಾಲದಾಗಿತ್ತು. ಆಗ ಜೋಲ್ಟನ್ ಕೊರ್ಡಾ ಎಂಬ ಇನ್ನೊಬ್ಬ ನಿರ್ದೇಶಕನು ಇಂಗ್ಲೆಂಡಿನ ಡೆನ್‌ಹ್ಯಾಮ್ ಚಿತ್ರಶಾಲೆಯಲ್ಲಿ, ಭಾರತೀಯರ ವೇಷ ಹಾಕಿದ ಆಂಗ್ಲ ನಟರನ್ನು ಇಟ್ಟುಕೊಂಡು, ಸಂಭಾಷಣೆಯ ದೃಶ್ಯಗಳನ್ನು ತೆಗೆದನು. ಎರಡನ್ನೂ ಸೇರಿಸಿ ಸುಮಾರು ಎಂಬತ್ತು ನಿಮಿಷಗಳ ಚಿತ್ರವಾಯಿತು.

ಅಂಗಗಳನ್ನು ಎಣಿಸಿದರೆ ಈ ಚಿತ್ರಕ್ಕೆ ಕೊರತೆಯೇನು? ಮಾವುತನ ಮಗನೇ ಮಾವುತನ ಮಗನಾಗಿ ನಟಿಸಿದ್ದಾನೆ. ಆ ಬಾಲಕನ ನಿಸ್ಸಂಕೋಚವಾದ ಮುಖವನ್ನು ನೋಡಿದವರು ಮರೆಯಲಾರರು. ಆನೆಗಳು ಆಟದ ಆನೆಗಳಲ್ಲ. ನದಿ, ಬಿದಿರುಮೆಳೆ, ಹಿಂಡಿನ ಓಟ, ಇವೆಲ್ಲವೂ ಸಾಕ್ಷಾತ್ ಮೈಸೂರಿನ ಕಾಡಿನವು. ಕಥೆಯ ಮೂಲವು ಪ್ರಸಿದ್ಧ ಲೇಖಕನದು. ಅದೇ ವರ್ಷ ವೆನಿಸ್ಸಿನ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪುರಸ್ಕಾರವು ಇಬ್ಬರು ನಿರ್ದೇಶಕರಿಗೂ ಕೂಡಿ ದೊರೆಯಿತು. ಹೀಗಿದ್ದರೂ ಗ್ರಹಾಂ ಗ್ರೀನರಂತಹ ವಿಮರ್ಶಕರು ಆಗಲೇ ಅದನ್ನು ಒಪ್ಪಲಿಲ್ಲ. ಚಿತ್ರದಲ್ಲಿ ಎರಡು ಕೈಗಳ ಕೆಲಸ ಕೂಡದೆ ನಿಂತಿದೆಯೆಂಬ ಮಾತು ಮುಂದೆಯೂ ಕೇಳಿಬರುತ್ತಲೇ ಇದೆ.

ಕಾರಣವನ್ನು ಹುಡುಕುವುದು ಕಷ್ಟವಲ್ಲ. ಫ್ಲಾಹರ್ಟಿಯ ಕಣ್ಣಿಗೆ ಆನೆಯೂ ಬಾಲಕನೂ ಕಾಡಿನ ಬಾಳಿನ ಭಾಗಗಳು. ಅಲ್ಲಿ ಕಾಲವು ನಿಧಾನವಾಗಿ, ನೀರಿನ ಹರಿವಿನಂತೆ ಸಾಗುತ್ತದೆ. ಡೆನ್‌ಹ್ಯಾಮಿನ ದೃಶ್ಯಗಳಿಗೆ ಆನೆಯೆಂದರೆ ಕಥೆಯನ್ನು ಮುಂದಕ್ಕೆ ತಳ್ಳುವ ಸಾಧನ. ಹುಲಿಯಿಂದ ತಂದೆಯ ಸಾವು, ಕ್ರೂರನಾದ ಹೊಸ ಮಾವುತ, ಆನೆಯ ಕೋಪ, ಬಾಲಕನ ಪಲಾಯನ, ಇವು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲನೆಯ ಭಾಗವು 'ನೋಡು' ಎನ್ನುತ್ತದೆ. ಎರಡನೆಯ ಭಾಗವು 'ಮುಂದೇನಾಯಿತು ಕೇಳು' ಎನ್ನುತ್ತದೆ. ಎರಡೂ ಸಲ್ಲತಕ್ಕ ಮಾತುಗಳೇ. ಆದರೆ ಒಂದು ಇನ್ನೊಂದರ ಅಧೀನವಾಗಿಲ್ಲ. ಗುಂಡ್ಲುಪೇಟೆಯ ಕಾಡಂಚಿನ ರೈತನು, ಅಟ್ಟಣೆಯ ಮೇಲೆ ಕುಳಿತು ಬೆಳೆಗೆ ಕಾವಲಿರುವವನು, ಈ ಚಿತ್ರದ ಆನೆಯನ್ನು ನೋಡಿ ಇದು ನಿಜವಾದ ಆನೆಯೆಂದು ತಟ್ಟನೆ ಒಪ್ಪಬಲ್ಲನು. ಭರತನ ಲೆಕ್ಕದಲ್ಲಿ ಆನೆಯ ವಿಷಯಕ್ಕೆ ಅವನೇ ತಕ್ಕ ಪ್ರಾಶ್ನಿಕ. ಆದರೆ ಅಂಗದ ಸತ್ಯಕ್ಕೆ ಅವನು ಕೊಡುವ ಸಾಕ್ಷ್ಯವು ಸಮಗ್ರದ ಸತ್ಯಕ್ಕೆ ಸಾಕ್ಷ್ಯವಾಗಲಾರದು. ನಿಜವಾದ ಆನೆಯ ಪಕ್ಕದಲ್ಲಿ ವೇಷದ ಮನುಷ್ಯನು ನಿಂತಾಗ, ಆನೆಯ ನೈಜತೆಯೇ ವೇಷವನ್ನು ಬಯಲಿಗೆಳೆಯುತ್ತದೆ. ಅಂದರೆ ಇಲ್ಲಿ ಒಂದು ಅಂಗದ ಗುಣವೇ ಇನ್ನೊಂದು ಅಂಗಕ್ಕೆ ಹಾನಿಯಾಯಿತು. ಮೊತ್ತದ ಲೆಕ್ಕದಲ್ಲಿ ಇಂತಹುದು ಎಂದಿಗೂ ಕಾಣುವುದಿಲ್ಲ.

೪

ಎರಡನೆಯ ಚಿತ್ರ ೧೯೫೪ರ 'ಬೇಡರ ಕಣ್ಣಪ್ಪ'. ಇದನ್ನು ನಿರ್ದೇಶಿಸಿದವರು ಎಚ್. ಎಲ್. ಎನ್. ಸಿಂಹ. ಮುತ್ತುರಾಜನೆಂಬ ನಟನು ರಾಜ್‌ಕುಮಾರನೆಂಬ ಹೊಸ ಹೆಸರಿನಿಂದ ನಾಯಕನಾಗಿ ತೆರೆಗೆ ಬಂದುದು ಇದರಲ್ಲಿಯೇ. ಅವರ ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರಿನವರು, ಗುಬ್ಬಿ ವೀರಣ್ಣನವರ ನಾಟಕಮಂಡಲಿಯ ನಟರು. ರಾಜ್‌ಕುಮಾರರು ೧೯೨೯ರಲ್ಲಿ ಹುಟ್ಟಿದ ಗಾಜನೂರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು; ಈಗ ತಮಿಳುನಾಡಿನ ತಾಳವಾಡಿಯ ಸೀಮೆಯಲ್ಲಿ, ಚಾಮರಾಜನಗರದ ಗಡಿಗೆ ಅಂಟಿಕೊಂಡು, ಕನ್ನಡದ ಊರಾಗಿಯೇ ಇದೆ.

ಈ ಚಿತ್ರದ ಅಂಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಆಕ್ಷೇಪಗಳಿಗೆ ಎಡೆಯುಂಟು. ಕಾಡಿನಲ್ಲಿ ಚಿತ್ರಶಾಲೆಯ ವಾಸನೆಯಿದೆ. ಮಾತಿನ ಧಾಟಿಯು ಕಂಪನಿ ನಾಟಕದ್ದು. ಹಾಸ್ಯವೂ ಹಾಡುಗಳೂ ರಂಗಭೂಮಿಯ ರೂಢಿಯನ್ನು ಅನುಸರಿಸಿ ಬರುತ್ತವೆ. ಕಾರಾಪುರದ ಕಾಡನ್ನು ಕಂಡ ಕಣ್ಣಿಗೆ ಈ ಕಾಡು ಕಾಡೇ ಅಲ್ಲ. ಆದರೂ ಚಿತ್ರವು ನಿಂತಿತು. ಅದಕ್ಕೆ ರಾಷ್ಟ್ರಪ್ರಶಸ್ತಿಗಳಲ್ಲಿ ಪ್ರಶಂಸಾಪತ್ರ ದೊರೆಯಿತು. ಅದಕ್ಕಿಂತ ಹೆಚ್ಚಾಗಿ, ಕನ್ನಡದ ಪ್ರೇಕ್ಷಕವರ್ಗವು ತಲೆಮಾರುಗಳವರೆಗೆ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿತು.

ಕಾರಣವು ಕಥಾವಸ್ತುವಿನ ಬಂಧದಲ್ಲಿದೆ. ಹರಿಹರನ ರಗಳೆಯ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಕಣ್ಣಪ್ಪನ ಕಥೆಯಲ್ಲಿ ಎಲ್ಲವೂ ಒಂದೇ ಕಡೆಗೆ ಸಾಗುತ್ತದೆ. ಬೇಡನ ಬದುಕಿಗೆ ಆಧಾರವಾದುವು ಗುರಿಯಿಡುವ ಕಣ್ಣು ಮತ್ತು ಬಾಣ. ಬೇಟೆಯಾಡಿ ತಂದ ಮಾಂಸವೇ ನೈವೇದ್ಯವಾಗುತ್ತದೆ. ಅರ್ಚಕನ ಮಡಿಗೆ ಅದು ಅಪಚಾರವಾಗಿ ತೋರುತ್ತದೆ. ಕೊನೆಗೆ ಲಿಂಗದ ಕಣ್ಣಿನಲ್ಲಿ ರಕ್ತ ಸುರಿದಾಗ, ಬಾಣವು ಬೇಟೆಯ ಆಯುಧವಾಗದೆ ಅರ್ಪಣೆಯ ಸಾಧನವಾಗುತ್ತದೆ. ಗುರಿಯಿಡುತ್ತಿದ್ದ ಕಣ್ಣೇ ಗುರಿಯಾಗುತ್ತದೆ. ಎರಡನೆಯ ಕಣ್ಣಿನ ಸ್ಥಾನವನ್ನು ಗುರುತಿಸಲು ಲಿಂಗದ ಮೇಲೆ ಇಟ್ಟ ಕಾಲು, ಬೇರೆಡೆ ಮಹಾಪರಾಧವಾಗಬೇಕಾದುದು, ಭಕ್ತಿಯ ಪರಾಕಾಷ್ಠೆಯಾಗುತ್ತದೆ. ಇಲ್ಲಿ ಮುಗ್ಧತೆಯಿಂದ ಆರಂಭವಾದುದು ಮುಗ್ಧತೆಯಿಂದಲೇ ಕೊನೆಗೊಳ್ಳುತ್ತದೆ. ಆ ಮುಗ್ಧತೆಯನ್ನು ನಟನು ತನ್ನ ಮೈಯಲ್ಲಿ ತಾಳಿಕೊಂಡುದರಿಂದ, ಚಿತ್ರಶಾಲೆಯ ಕಾಡು ಕೂಡ ಒಂದು ಪುರಾಣದ ಕಾಡಾಗಿ ಒಪ್ಪಿತವಾಯಿತು. ಧಾಟಿಯ ಮಾತು ಮೊದಲಿಂದ ಕಡೆಯವರೆಗೆ ಒಂದೇ ಧಾಟಿಯಾದುದರಿಂದ ಕೃತಕವಾಗಿ ಉಳಿಯದೆ ಆ ಲೋಕದ ಸಹಜಭಾಷೆಯಾಯಿತು. ನಿಜವಾದ ಕಾಡು ಒಂದು ಚಿತ್ರವನ್ನು ಒಡೆಯಿತು. ಸುಳ್ಳು ಕಾಡು ಇನ್ನೊಂದು ಚಿತ್ರವನ್ನು ಕೆಡಿಸಲಿಲ್ಲ. ಕಾಡಿನ ಗುಣವನ್ನು ಕಾಡಿನಲ್ಲಿಯೇ ಹುಡುಕಿದರೆ ಈ ವ್ಯತ್ಯಾಸ ಅರ್ಥವಾಗದು.

ಇದರಿಂದ ಒಂದು ಸೂತ್ರವು ದೊರೆಯುತ್ತದೆ. ಸಮಗ್ರದ ಗುಣವೆಂಬುದು ಅಂಗಗಳಿಗೆ ಹೊರಗೆ ಎಲ್ಲಿಯೋ ಇರುವ ರಹಸ್ಯವಸ್ತುವಲ್ಲ. ಅಂಗಗಳ ಮೊತ್ತವೂ ಅಲ್ಲ. ಅಂಗಗಳು ಪರಸ್ಪರ ಏನು ಮಾಡುತ್ತವೆ, ಎಲ್ಲವೂ ಕೂಡಿ ಯಾವ ಒಂದು ಅಂಗಿಗೆ ಅಧೀನವಾಗಿವೆ ಎಂಬ ಸಂಬಂಧದ ಗುಣವೇ ಅದು. ಬೆಲ್ಲ, ಮೆಣಸು, ಏಲಕ್ಕಿ ಸೇರಿದ ಪಾನಕದಲ್ಲಿ ರುಚಿಯು ಒಂದೇ ಆಗಿರುವಂತೆ ಎಂದು ಆಲಂಕಾರಿಕರು ಕೊಡುವ ಪಾನಕರಸದ ದೃಷ್ಟಾಂತದ ಅಭಿಪ್ರಾಯವೂ ಇದೇ. ಮೆಣಸು ಉತ್ತಮವಾದುದೇ, ಪಾನಕದಲ್ಲಿ ಮೆಣಸೇ ಎದ್ದು ಕಂಡರೆ ಪಾನಕವು ಕೆಟ್ಟಿತು.

೫

ಅಂಗವೊಂದು ಸಮಗ್ರದಿಂದ ಬೇರ್ಪಟ್ಟು ಬಾಳುವುದೂ ಉಂಟು. ಮಲೆಯ ಮಹದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವಾಗ ಇಡಿಯ ಕಾವ್ಯವನ್ನು ಒಂದೇ ರಾತ್ರಿಯಲ್ಲಿ ಹಾಡಬೇಕೆಂಬ ನಿಯಮವಿಲ್ಲ. ಕಾವ್ಯವು 'ಸಾಲು'ಗಳಾಗಿ ವಿಂಗಡವಾಗಿದೆ; ಸಂಕಮ್ಮನ ಸಾಲನ್ನೊಂದನ್ನೇ ಹಾಡಿದರೂ ಕೇಳುಗರಿಗೆ ತೃಪ್ತಿಯುಂಟು. ಇದು ಸಮಗ್ರವು ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಕೇಳುಗನಿಗೆ ಮಾದಪ್ಪನ ಚರಿತ್ರೆಯೆಲ್ಲವೂ ಮೊದಲೇ ತಿಳಿದಿರುತ್ತದೆ. ಹಾಡದೆ ಬಿಟ್ಟುದನ್ನು ಅವನ ಮನಸ್ಸು ತುಂಬಿಕೊಳ್ಳುತ್ತದೆ. ಸಮಗ್ರವು ಪ್ರಯೋಗದಲ್ಲಿಲ್ಲದಿದ್ದರೂ ಸಮಾಜದಲ್ಲಿದೆ. ಚಲಚ್ಚಿತ್ರಕ್ಕೆ ಈ ಅನುಕೂಲವಿಲ್ಲ. ಅಪರಿಚಿತರಾದ ಪ್ರೇಕ್ಷಕರ ಮುಂದೆ, ಎರಡು ಮೂರು ಗಂಟೆಗಳೊಳಗೆ, ಅದು ತನ್ನ ಸಮಗ್ರವನ್ನು ತಾನೇ ಕಟ್ಟಿಕೊಡಬೇಕು. 'ಬೇಡರ ಕಣ್ಣಪ್ಪ'ದಂತಹ ಪುರಾಣಚಿತ್ರಗಳು ಆರಂಭದ ದಿನಗಳಲ್ಲಿ ಸುಲಭವಾಗಿ ನೆಲೆಗೊಂಡುದಕ್ಕೆ ಜನರಲ್ಲಿ ಮೊದಲೇ ಇದ್ದ ಕಥೆಯ ಪರಿಚಯವೂ ಒಂದು ಕಾರಣವೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಚಿತ್ರದ ಹಾಡಿನ ವಿಷಯವೂ ಹೀಗೆಯೇ. ೧೯೭೩ರ 'ಗಂಧದ ಗುಡಿ'ಯಲ್ಲಿ ರಾಜ್‌ಕುಮಾರರು ಅರಣ್ಯಾಧಿಕಾರಿಯ ಪಾತ್ರವನ್ನು ವಹಿಸಿದರು. ಬಂಡೀಪುರವು ಹುಲಿಯೋಜನೆಗೆ ಸೇರಿದುದೂ ಅದೇ ವರ್ಷ. ಆ ಚಿತ್ರಕ್ಕಾಗಿ ಚಿ. ಉದಯಶಂಕರರು ಬರೆದ, ರಾಜನ್-ನಾಗೇಂದ್ರರು ಸಂಗೀತ ಹೊಂದಿಸಿದ, ಕನ್ನಡದ ನಾಡುನುಡಿಗಳನ್ನು ಕೊಂಡಾಡುವ ಹಾಡು ಚಿತ್ರದಿಂದ ಹೊರಬಂದು ರಾಜ್ಯೋತ್ಸವದ ಹಾಡಾಗಿಬಿಟ್ಟಿದೆ. ಚಿತ್ರವನ್ನು ನೋಡದವರೂ ಅದನ್ನು ಹಾಡುತ್ತಾರೆ. ಇದು ಹಾಡಿನ ಹಿರಿಮೆ ಸರಿ. ಆದರೆ ಈ ಹಿರಿಮೆಯನ್ನು ಚಿತ್ರದ ಲೆಕ್ಕಕ್ಕೆ ಜಮಾ ಮಾಡುವುದು ತಪ್ಪಾದೀತು. ಚಿತ್ರದೊಳಗೆ ಆ ಹಾಡು ಯಾವ ಕೆಲಸ ಮಾಡುತ್ತದೆ, ಕಾಡನ್ನು ಕಾಯುವ ಮನುಷ್ಯನ ಮನಸ್ಸನ್ನು ಹೇಗೆ ತೆರೆದಿಡುತ್ತದೆ ಎಂಬುದನ್ನಷ್ಟೇ ಚಿತ್ರದ ವಿಮರ್ಶೆಯಲ್ಲಿ ಕೇಳಬೇಕು.

೬

ಅಂಗದ ಗುಣವೂ ಸಮಗ್ರದ ಗುಣವೂ ಬೇರೆಯೆಂಬುದನ್ನು ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳ ಇತಿಹಾಸವೂ ಸೂಚಿಸುತ್ತದೆ. ದೇಶದ ಅತ್ಯುತ್ತಮ ಕಥಾಚಿತ್ರವೆಂಬ ಗೌರವವು ಕನ್ನಡಕ್ಕೆ ಆರು ಸಲ ದೊರೆತಿದೆ: 'ಸಂಸ್ಕಾರ' (೧೯೭೦), 'ಚೋಮನ ದುಡಿ' (೧೯೭೫), 'ಘಟಶ್ರಾದ್ಧ' (೧೯೭೭), 'ತಬರನ ಕಥೆ' (೧೯೮೬), 'ತಾಯಿ ಸಾಹೇಬ' (೧೯೯೭), 'ದ್ವೀಪ' (೨೦೦೧). ಆ ಆರು ವರ್ಷಗಳಲ್ಲಿಯೂ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯು ಬೇರೆ ಚಿತ್ರಗಳಿಗೆ ಸಂದಿತು. ಕ್ರಮವಾಗಿ ಸತ್ಯಜಿತ್ ರಾಯರ 'ಪ್ರತಿದ್ವಂದ್ವಿ', ಅವರದೇ 'ಜನ ಅರಣ್ಯ', ಅರವಿಂದನ್ ಅವರ 'ಕಾಂಚನ ಸೀತಾ', ಅವರದೇ 'ಒರಿಡತ್ತು', ಜಯರಾಜರ 'ಕಳಿಯಾಟ್ಟಂ', ಬಿ. ಲೆನಿನ್ ಅವರ 'ಊರುಕ್ಕು ನೂರುಪೇರ್'. ಇದಕ್ಕೆ ವಿಪರ್ಯಯವಾಗಿ ೧೯೭೧ರಲ್ಲಿ 'ವಂಶವೃಕ್ಷ'ದ ನಿರ್ದೇಶಕರಾದ ಗಿರೀಶ ಕಾರ್ನಾಡ, ಬಿ. ವಿ. ಕಾರ್ಂತರಿಗೆ ನಿರ್ದೇಶನದ ಪ್ರಶಸ್ತಿ ದೊರೆತಾಗ, ಅತ್ಯುತ್ತಮ ಚಿತ್ರವೆಂಬ ಗೌರವವು ರಾಯರ 'ಸೀಮಾಬದ್ಧ'ಕ್ಕೆ ಹೋಯಿತು.

ನಿರ್ಣಾಯಕರು ಗೌರವಗಳನ್ನು ಹಂಚಿಕೊಡುವ ದಾಕ್ಷಿಣ್ಯದಿಂದ ಹೀಗೆ ಮಾಡಿರಬಹುದೆಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ಹಂಚಿಕೊಡಲು ಸಾಧ್ಯವಾಗಬೇಕಾದರೆ ಎರಡೂ ಬೇರೆ ಬೇರೆಯ ಗುಣಗಳೆಂದು ಮೊದಲು ಒಪ್ಪಿರಬೇಕು. ಎಲ್ಲ ಅಂಗಗಳನ್ನೂ ಒಂದುಗೂಡಿಸುವವನೇ ನಿರ್ದೇಶಕನಾದರೆ, ಅವನ ಕೆಲಸಕ್ಕೂ ಸಮಗ್ರಕ್ಕೂ ಭೇದವೆಲ್ಲಿ ಎಂಬ ಸಂದೇಹವೂ ಸಹಜ. ಸಮಗ್ರವು ನಿರ್ದೇಶಕನೊಬ್ಬನ ಕೈಕೆಲಸವಲ್ಲ. ವಸ್ತುವಿನ ಸತ್ತ್ವ, ಕಾಲ, ಜನಜೀವನದ ಅನುಭವ, ನಟನ ಮೈಕಟ್ಟು, ಕೆಲವೊಮ್ಮೆ ಅಕಸ್ಮಾತ್ತು, ಇವೆಲ್ಲವೂ ಅದರಲ್ಲಿ ಪಾಲುಗಾರರು. 'ಚೋಮನ ದುಡಿ'ಯ ಚೋಮನನ್ನು ವಾಸುದೇವರಾಯರಿಂದಲೂ ಶಿವರಾಮ ಕಾರಂತರ ಕಾದಂಬರಿಯಿಂದಲೂ ಬೇರ್ಪಡಿಸಿ ನಿರ್ದೇಶನವೆಂದಷ್ಟೇ ಹೆಸರಿಡುವುದು ಸಾಧ್ಯವಿಲ್ಲ.

೭

ಹಾಗಾದರೆ ಸಮಗ್ರಗುಣವನ್ನು ಪರೀಕ್ಷಿಸುವ ಕ್ರಮವೇನು? ನಾಲ್ಕು ಪ್ರಶ್ನೆಗಳನ್ನು ಕೇಳಬಹುದು.

ಮೊದಲನೆಯದು, ಅಂಗಿ ಯಾವುದು? ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ರಾಮಾಯಣಕ್ಕೆ ಕರುಣವೂ ಮಹಾಭಾರತಕ್ಕೆ ಶಾಂತವೂ ಅಂಗಿರಸಗಳೆಂದು ನಿರ್ಣಯಿಸಿದನು. ಮಹಾಭಾರತದಲ್ಲಿ ವೀರರೌದ್ರಗಳೇ ಪುಟಪುಟಕ್ಕೂ ತುಂಬಿವೆ. ಎಣಿಕೆಯಲ್ಲಿ ಶಾಂತಕ್ಕೆ ಬಹುಮತವಿಲ್ಲ. ಆದರೂ ಕಥೆಯು ಎಲ್ಲಿಗೆ ಹೋಗಿ ಮುಟ್ಟುತ್ತದೆ, ಹಿಂದಿನದೆಲ್ಲವೂ ಆ ಕೊನೆಯ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನೋಡಿ ಆತನು ಹಾಗೆ ಹೇಳಿದನು. ಚಿತ್ರದಲ್ಲಿಯೂ ಅಂಗಿಯನ್ನು ಪ್ರಮಾಣದಿಂದಲ್ಲ, ಪರ್ಯವಸಾನದಿಂದ ಹುಡುಕಬೇಕು.

ಎರಡನೆಯದು, ತೆಗೆದರೆ ಏನಾಗುತ್ತದೆ? ಒಂದು ಭಾಗವನ್ನು ತೆಗೆದರೂ, ಸ್ಥಾನ ಬದಲಿಸಿದರೂ ಒಟ್ಟು ಕಟ್ಟಡವು ಸಡಿಲವಾಗಬೇಕು. ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ತೋರದ ಭಾಗವು ಸಮಗ್ರಕ್ಕೆ ಸೇರಿದುದಲ್ಲ ಎಂದು ಗ್ರೀಸಿನ ಅರಿಸ್ಟಾಟಲನು ಹೇಳಿದ್ದಾನೆ. 'ಎಲಿಫೆಂಟ್ ಬಾಯ್' ಚಿತ್ರದ ಹಲವು ಕಾಡುದೃಶ್ಯಗಳನ್ನು ಮೊಟಕುಮಾಡಿದರೂ ಕಥೆಗೆ ಕೊರತೆಯಿಲ್ಲ. ಸಂಭಾಷಣೆಯ ಹಲವು ದೃಶ್ಯಗಳನ್ನು ತೆಗೆದರೂ ಕಾಡಿಗೆ ಕೊರತೆಯಿಲ್ಲ. ಕಣ್ಣಪ್ಪನ ಕಥೆಯಿಂದ ಬೇಟೆಯನ್ನು ತೆಗೆದರೆ ಕಣ್ಣಿನ ಅರ್ಪಣೆಗೆ ಅರ್ಥವೇ ಉಳಿಯದು.

ಮೂರನೆಯದು, ಚೆಲುವಾದ ಅಂಗವು ತನ್ನನ್ನು ಅಡಗಿಸಿಕೊಂಡಿದೆಯೆ? ಶಕ್ತಿಯಿದ್ದರೂ ಸಂಯಮವಿರಬೇಕೆಂಬ ಆನಂದವರ್ಧನನ ಮಾತು ಛಾಯಾಗ್ರಾಹಕನಿಗೂ ಸಂಗೀತಗಾರನಿಗೂ ಸಲ್ಲುತ್ತದೆ. ನೋಡುತ್ತಿರುವಾಗಲೇ 'ಎಂತಹ ಛಾಯಾಗ್ರಹಣ' ಎನಿಸಿದರೆ ಆ ಗಳಿಗೆಯಲ್ಲಿ ಪ್ರೇಕ್ಷಕನು ಕಥೆಯಿಂದ ಹೊರಗಿದ್ದಾನೆಂದೇ ಅರ್ಥ. ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯವೂ ಇದೇ ಆಗಿದೆ.

ನಾಲ್ಕನೆಯದು, ಹಿಂದಿರುಗಿ ನೋಡಿದಾಗ ಆರಂಭವು ಬೇರೆಯಾಗಿ ಕಾಣುತ್ತದೆಯೆ? ರನ್ನನು ಗದಾಯುದ್ಧದಲ್ಲಿ ಸಿಂಹಾವಲೋಕನಕ್ರಮದಿಂದ ಇಡಿಯ ಭಾರತವನ್ನು ಕಡೆಯ ಒಂದು ಯುದ್ಧದೊಳಗೆ ಅಡಗಿಸಿದನು. ಒಳ್ಳೆಯ ಚಿತ್ರವು ಕೊನೆಯಲ್ಲಿ ಪ್ರೇಕ್ಷಕನಿಂದಲೇ ಅಂತಹ ಸಿಂಹಾವಲೋಕನವನ್ನು ಮಾಡಿಸುತ್ತದೆ. ಎರಡನೆಯ ಸಲ ನೋಡುವಾಗ ಮೊದಲ ದೃಶ್ಯವು ಹೆಚ್ಚು ತುಂಬಿಕೊಂಡಿದ್ದರೆ ಸಮಗ್ರವು ಗಟ್ಟಿಯೆಂದು ತಿಳಿಯಬೇಕು.

ಈ ಪ್ರಶ್ನೆಗಳಿಗೆ ಕೊಡುವ ಉತ್ತರವನ್ನು ಚಿತ್ರದೊಳಗಣ ಸಾಕ್ಷ್ಯದಿಂದ ಸಮರ್ಥಿಸಬಹುದು, ಖಂಡಿಸಲೂಬಹುದು. ಆದುದರಿಂದ ಸಮಗ್ರನಿರ್ಣಯವು ಕೇವಲ ಅವರವರ ರುಚಿಯ ಮಾತೆಂದು ಹೇಳಿ ಕೈಬಿಡುವುದು ಸರಿಯಲ್ಲ.

೮

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಐಕ್ಯವೇ ಹಿರಿಮೆಯಲ್ಲ. ಕ್ಷುದ್ರವಾದ ವಸ್ತುವನ್ನು ಬಿರುಕಿಲ್ಲದಂತೆ ಹೆಣೆದ ಚಿತ್ರಗಳು ಎಷ್ಟೋ ಇವೆ. ಅಂಗಗಳೆಲ್ಲವೂ ಕೂಡಿ ಏನನ್ನು ಹೊತ್ತಿವೆ ಎಂಬುದರ ತೂಕವನ್ನೂ ನೋಡಬೇಕು. ಐಕ್ಯವಿಲ್ಲದೆ ಹಿರಿಮೆಯು ನಿಲ್ಲದು. ಐಕ್ಯವೊಂದರಿಂದಲೇ ಹಿರಿಮೆಯು ಬಾರದು. ಇನ್ನೊಂದು, ಒಡೆದ ಸಮಗ್ರವು ನಿಷ್ಪ್ರಯೋಜಕವೆಂದು ತಿಳಿಯಬಾರದು. ಮೈಸೂರು ಸೀಮೆಯ ಖೆಡ್ಡಾ ೧೯೭೧ರಲ್ಲಿ ಕೊನೆಗೊಂಡಿತು. ಆ ಮಾವುತರ, ಆ ಆನೆಗಳ, ಆ ಹೊಳೆಯ ಚಲಿಸುವ ರೂಪವು ಫ್ಲಾಹರ್ಟಿಯ ದೃಶ್ಯಗಳಲ್ಲಿ ಉಳಿದಿದೆ. ಚರಿತ್ರಕಾರನಿಗೆ ಅದು ನಿಧಿ. ಆದರೆ ದಾಖಲೆಯ ಬೆಲೆಯನ್ನು ಕಲೆಯ ಬೆಲೆಯೊಂದಿಗೆ ಬೆರೆಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಪಾಠಹೇಳುವವರಿಗೆ ಇದರಿಂದ ಒಂದು ಸಣ್ಣ ಕ್ರಮವು ದೊರೆಯಬಹುದು. ವಿದ್ಯಾರ್ಥಿಯು ಅಂಗಗಳ ಪಟ್ಟಿಯಿಂದ ಆರಂಭಿಸಿ ಒಟ್ಟಿಗೆ ಬರುವುದರ ಬದಲು, ಒಟ್ಟಿನಿಂದ ಆರಂಭಿಸಿ ಅಂಗಗಳಿಗೆ ಬರಲಿ. ಚಿತ್ರವು ತನ್ನನ್ನು ಎಲ್ಲಿಗೆ ಕರೆದೊಯ್ದಿತೆಂಬುದನ್ನು ಮೊದಲು ಒಂದೆರಡು ವಾಕ್ಯಗಳಲ್ಲಿ ಹೇಳಲಿ. ಆಮೇಲೆ ನಟನೆ, ಹಾಡು, ಛಾಯೆ, ಮಾತು ಇವುಗಳಲ್ಲಿ ಯಾವುದು ಆ ದಾರಿಗೆ ಜೊತೆಯಾಯಿತು, ಯಾವುದು ಅಡ್ಡವಾಯಿತು ಎಂಬುದನ್ನು ಸಾಕ್ಷ್ಯವಾಗಿ ತರಲಿ. ಆಗ ಅಂಗಗಳ ವಿಚಾರವು ವ್ಯರ್ಥವಾಗುವುದಿಲ್ಲ. ಪ್ರಾಶ್ನಿಕರ ಜ್ಞಾನವೂ ಕೆಲಸಕ್ಕೆ ಬರುತ್ತದೆ. 'ಆದರೂ' ಎಂಬ ಮಾತಿಗೆ ಬದಲಾಗಿ 'ಆದುದರಿಂದ' ಎಂಬ ಮಾತನ್ನು ಬಳಸುವ ಶಕ್ತಿಯು ವಿಮರ್ಶೆಗೆ ಬರುತ್ತದೆ.